ಕಾಮದ ಬೇರು ಎಲ್ಲಿದೆ? — ಕ್ರೈಸ್ತ ಸಾಧಕರ ಒಂದು ವಿಚಾರಸರಣಿ

ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ ಎಂಬ ಆರನ್ನು ನಮ್ಮ ಹಿರಿಯರು ಮನುಷ್ಯನ ಒಳಶತ್ರುಗಳೆಂದು ಎಣಿಸಿದ್ದಾರೆ. ಹರಿಕಥೆಯಲ್ಲಾಗಲಿ ಪುರಾಣಶ್ರವಣದಲ್ಲಾಗಲಿ ಈ ಹೆಸರುಗಳನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಆದರೆ ಈ ಆರರಲ್ಲಿ ಮೊದಲನೆಯದರ ಮಾತು ಬಂದೊಡನೆ ನಾವು ಎರಡರಲ್ಲೊಂದನ್ನು ಮಾಡುತ್ತೇವೆ. ನಗುತ್ತೇವೆ, ಇಲ್ಲವೆ ಮೌನ ತಾಳುತ್ತೇವೆ. ತರಗತಿಯಲ್ಲಿ ಅಂತಹ ಪದ್ಯ ಬಂದರೆ ಪುಟ ಬೇಗನೆ ಮಗುಚಿಹೋಗುತ್ತದೆ. ಹಾಸ್ಟೆಲಿನ ಕೋಣೆಯಲ್ಲಿ ಅದೇ ಪದ್ಯ ಹಾಸ್ಯಕ್ಕೆ ವಸ್ತುವಾಗುತ್ತದೆ. ಈ ನಗೆ ಮತ್ತು ಮೌನಗಳ ನಡುವೆ ವಿಚಾರಕ್ಕೆ ಸ್ಥಳವೇ ಉಳಿಯುವುದಿಲ್ಲ. ಆದರೂ ಇಪ್ಪತ್ತರ ಆಸುಪಾಸಿನಲ್ಲಿರುವ ನಮಗೆ ಇದು ವಾರ್ಷಿಕ ಪರೀಕ್ಷೆಗಿಂತ ಕಠಿನವಾದ ಪ್ರಶ್ನೆಯೆಂಬುದನ್ನು ಯಾರು ತಾನೆ ಅಲ್ಲಗಳೆಯಬಲ್ಲರು?

ತತ್ತ್ವಶಾಸ್ತ್ರದ ವಿದ್ಯಾರ್ಥಿಯಾದ ನಾನು ಕಳೆದ ರಜೆಯಲ್ಲಿ ಕ್ರೈಸ್ತ ಪರಂಪರೆಯ ಕೆಲವು ಹಳೆಯ ಗ್ರಂಥಗಳ ಅನುವಾದಗಳನ್ನು ಓದಿದೆನು. ಅವುಗಳಲ್ಲಿ ಕಾಮಪ್ರಲೋಭನೆಯ ವಿಚಾರವನ್ನು ಎಷ್ಟು ಸೂಕ್ಷ್ಮವಾಗಿ, ಎಷ್ಟು ನಿಸ್ಸಂಕೋಚವಾಗಿ ಬಿಡಿಸಿ ನೋಡಿದ್ದಾರೆಂಬುದನ್ನು ಕಂಡು ವಿಸ್ಮಯವಾಯಿತು. ಆ ವಿಚಾರಸರಣಿಯನ್ನು ಸಹಪಾಠಿಗಳ ಮುಂದೆ ಸಂಗ್ರಹವಾಗಿ ಇಡುವುದೇ ಈ ಲೇಖನದ ಉದ್ದೇಶ. ಮತಪ್ರಚಾರ ಇಲ್ಲಿ ನನ್ನ ಗುರಿಯಲ್ಲ. ಮನುಷ್ಯನ ಮನಸ್ಸನ್ನು ಕುರಿತು ಯಾರು ಸತ್ಯವನ್ನು ಹೇಳಿದ್ದರೂ ಅದು ಎಲ್ಲರಿಗೂ ಸಲ್ಲತಕ್ಕದ್ದು.

೧. ಶೋಧನೆ ಎಂಬ ಮಾತು

ಮೊದಲು ಒಂದು ಪದವನ್ನು ಗಮನಿಸೋಣ. ನಾವು ಪ್ರಲೋಭನೆ ಎನ್ನುವಲ್ಲಿ ಕನ್ನಡ ಬೈಬಲ್ಲು 'ಶೋಧನೆ' ಎಂಬ ಮಾತನ್ನು ಬಳಸುತ್ತದೆ. ಮೂಲ ಗ್ರೀಕಿನ 'ಪೈರಾಸ್ಮೋಸ್' ಎಂಬ ಶಬ್ದಕ್ಕೆ ಪರೀಕ್ಷೆ ಎಂತಲೂ ಅರ್ಥವುಂಟು, ಆಮಿಷ ಎಂತಲೂ ಅರ್ಥವುಂಟು. ಕನ್ನಡದ 'ಶೋಧನೆ'ಯಲ್ಲಿ ಸೋಸುವುದು, ಶುದ್ಧಿಮಾಡುವುದು ಎಂಬ ಧ್ವನಿಯೂ ಸೇರಿಕೊಂಡಿದೆ. ಹೀಗೆ ಈ ಒಂದು ಮಾತಿನಲ್ಲಿಯೇ ಮುಖ್ಯವಾದ ತತ್ತ್ವವೊಂದು ಅಡಗಿದೆ. ಪ್ರಲೋಭನೆ ಬರುವುದು ಪಾಪವಲ್ಲ. ಯೇಸುವೇ ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದು ಶೋಧನೆಗೆ ಒಳಗಾದನೆಂದು ಸುವಾರ್ತೆಗಳು ಹೇಳುತ್ತವೆ. ಬಂದದ್ದನ್ನು ಮನುಷ್ಯನು ಏನು ಮಾಡುತ್ತಾನೆ ಎಂಬಲ್ಲಿ ಅವನ ಪರೀಕ್ಷೆ.

ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯು ಇದಕ್ಕೆ ಒಂದು ವಂಶಾವಳಿಯನ್ನೇ ಕೊಡುತ್ತದೆ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಎಳೆಯುವುದಿಲ್ಲ. ಪ್ರತಿಯೊಬ್ಬನನ್ನೂ ಎಳೆಯುವುದು ಅವನದೇ ಆಶೆ. ಆ ಆಶೆ ಬಸುರಾಗಿ ಪಾಪವನ್ನು ಹೆರುತ್ತದೆ. ಪಾಪವು ಬೆಳೆದು ಮರಣವನ್ನು ಹೆರುತ್ತದೆ. ಮತ್ತಾಯನ ಸುವಾರ್ತೆಯ ಪರ್ವತಪ್ರಸಂಗದಲ್ಲಿ ಯೇಸು ಇನ್ನೂ ಒಂದು ಹೆಜ್ಜೆ ಒಳಗೆ ಹೋಗುತ್ತಾನೆ. ಪರಸ್ತ್ರೀಯನ್ನು ಬಯಸುವ ಉದ್ದೇಶದಿಂದಲೇ ನೋಡಿದವನು ತನ್ನ ಹೃದಯದಲ್ಲಿ ಆಗಲೇ ವ್ಯಭಿಚಾರ ಮಾಡಿದಂತಾಯಿತೆಂಬುದು ಅವನ ಬೋಧೆ. ಇದನ್ನು ಕಠೋರವಾದ ಮಾತೆಂದು ಅನೇಕರು ಗೊಣಗುವುದುಂಟು. ಆದರೆ ಅದರ ಮುಂದಿನ ಮಾತನ್ನು ಗಮನಿಸಬೇಕು. ಕಣ್ಣು ಎಡವಿಸಿದರೆ ಅದನ್ನು ಕಿತ್ತುಹಾಕು ಎಂಬ ಉಪಮೆಯನ್ನು ಹೇಳಿರುವುದು ನೋಡುವವನಿಗೆ. ನೋಡಲ್ಪಟ್ಟವಳಿಗೆ ಅಲ್ಲಿ ಯಾವ ಆಜ್ಞೆಯೂ ಇಲ್ಲ. ಹೊಣೆಯನ್ನು ಬಯಸುವವನ ಹೃದಯದಲ್ಲಿ ನಿಲ್ಲಿಸಿದ ಈ ಮಾತಿನ ಮಹತ್ತ್ವವನ್ನು ಆಮೇಲೆ ಮತ್ತೆ ವಿಚಾರಿಸೋಣ.

೨. ದಾವೀದನ ಮಾಳಿಗೆ

ಬೇರು ಎಲ್ಲಿದೆ ಎಂಬುದಕ್ಕೆ ಹಳೆಯ ಒಡಂಬಡಿಕೆಯ ದಾವೀದ ರಾಜನ ಕಥೆಗಿಂತ ಒಳ್ಳೆಯ ನಿದರ್ಶನವಿಲ್ಲ. ಸಮುವೇಲನ ಎರಡನೆಯ ಪುಸ್ತಕದ ಹನ್ನೊಂದನೆಯ ಅಧ್ಯಾಯವು ಬಹಳ ಮಿತಭಾಷಿಯಾದ ಬರವಣಿಗೆ. ಅರಸರು ಯುದ್ಧಕ್ಕೆ ಹೊರಡುವ ಕಾಲವೆಂದು ಹೇಳಿ, ದಾವೀದನು ಮಾತ್ರ ಯೆರೂಸಲೇಮಿನಲ್ಲಿಯೇ ಉಳಿದನೆಂದು ಅದು ಪ್ರಾರಂಭವಾಗುತ್ತದೆ. ಸೈನ್ಯ ಬಯಲಿನಲ್ಲಿದೆ, ಅರಸ ಸಂಜೆ ಹಾಸಿಗೆಯಿಂದೆದ್ದು ಮಾಳಿಗೆಯ ಮೇಲೆ ಅಡ್ಡಾಡುತ್ತಿದ್ದಾನೆ. ಆಗ ಸ್ನಾನಮಾಡುತ್ತಿದ್ದ ಬತ್ಷೆಬೆಯನ್ನು ಕಾಣುತ್ತಾನೆ. ಅವಳು ಯಾರೆಂದು ವಿಚಾರಿಸುತ್ತಾನೆ. ತನ್ನ ಸೈನಿಕನಾದ ಊರೀಯನ ಹೆಂಡತಿಯೆಂದು ತಿಳಿದಮೇಲೂ ಆಳುಗಳನ್ನು ಕಳುಹಿಸಿ ಕರೆಸಿಕೊಳ್ಳುತ್ತಾನೆ. ಕೊನೆಗೆ ತಪ್ಪನ್ನು ಮುಚ್ಚಲು ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸುತ್ತಾನೆ.

ಇಲ್ಲಿ ಕಣ್ಣಿಗೆ ಬಿದ್ದ ರೂಪ ಕೇವಲ ನಿಮಿತ್ತ. ಕರ್ತವ್ಯವನ್ನು ಇನ್ನೊಬ್ಬರಿಗೆ ಒಪ್ಪಿಸಿ ಕುಳಿತ ಆಲಸ್ಯ, ಬೇಕೆಂದದ್ದು ತನ್ನದಾಗಲೇಬೇಕೆಂಬ ಅಧಿಕಾರಮದ, ಇವು ಮೊದಲೇ ಅಲ್ಲಿದ್ದವು. ನಾತಾನನೆಂಬ ಪ್ರವಾದಿ ಬಂದು ರಾಜನಿಗೆ ಬುದ್ಧಿ ಹೇಳುವ ರೀತಿಯನ್ನು ನೋಡಿರಿ. ಅವನು ಕಾಮವನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ಕುರಿಮಂದೆಗಳುಳ್ಳ ಶ್ರೀಮಂತನೊಬ್ಬನು, ಒಂದೇ ಒಂದು ಹೆಣ್ಣು ಕುರಿಮರಿಯನ್ನು ಮಗಳಂತೆ ಸಾಕಿಕೊಂಡಿದ್ದ ಬಡವನಿಂದ ಅದನ್ನು ಕಿತ್ತುಕೊಂಡು ಅತಿಥಿಗೆ ಅಡಿಗೆ ಮಾಡಿಸಿದ ಕಥೆಯನ್ನು ಹೇಳುತ್ತಾನೆ. ಅಂದರೆ ಪ್ರವಾದಿಯ ದೃಷ್ಟಿಯಲ್ಲಿ ಈ ಅಪರಾಧದ ಒಳತಿರುಳು ಕಿತ್ತುಕೊಳ್ಳುವಿಕೆ. ಇನ್ನೊಬ್ಬ ಜೀವವನ್ನು ವಸ್ತುವೆಂದು ಬಗೆದ ಹೃದಯವು ಮೊದಲು ಕೆಟ್ಟಿತು. ದೇಹವು ಅದನ್ನು ಹಿಂಬಾಲಿಸಿತು.

೩. ಮರುಭೂಮಿಯ ಮನಶ್ಶಾಸ್ತ್ರ

ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗಳಿಗೆ ಸಾವಿರಾರು ಮಂದಿ ಸಾಧಕರು ಹೊರಟುಹೋದರು. ಊರನ್ನೂ ಬಂಧುಗಳನ್ನೂ ಬಿಟ್ಟು ಹೋದ ಅವರು ಅಲ್ಲಿ ಮೊದಲು ಕಂಡುಕೊಂಡ ಸಂಗತಿಯೆಂದರೆ, ಪ್ರಲೋಭನೆಯನ್ನು ಊರಿನಲ್ಲಿ ಬಿಟ್ಟು ಬರಲಾಗುವುದಿಲ್ಲವೆಂಬುದು. ನೋಡಲು ಯಾರೂ ಇಲ್ಲದ ಮರಳುಗಾಡಿನಲ್ಲಿಯೂ ಮನಸ್ಸು ರೂಪಗಳನ್ನು ಕಟ್ಟುತ್ತಿತ್ತು. ಹೀಗಿರಲು ಬೇರು ಹೊರಗಿಲ್ಲವೆಂಬುದು ಅವರಿಗೆ ಅನುಭವದಿಂದಲೇ ಸಿದ್ಧವಾಯಿತು.

ಈ ಅನುಭವವನ್ನು ಶಾಸ್ತ್ರವಾಗಿ ಬರೆದಿಟ್ಟವನು ಎವಾಗ್ರಿಯಸ್. ಕಪ್ಪುಸಮುದ್ರದ ದಕ್ಷಿಣದ ಪೊಂಟಸ್ ಸೀಮೆಯಲ್ಲಿ ಸುಮಾರು 345ರಲ್ಲಿ ಹುಟ್ಟಿದ ಇವನು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ವಾಗ್ಮಿಯೆಂದು ಹೆಸರಾಗಿದ್ದನು. ಅಲ್ಲಿ ಒಬ್ಬ ವಿವಾಹಿತೆಯಲ್ಲಿ ಅನುರಕ್ತನಾಗಿ, ಆ ಸಂಕಟದಿಂದ ಪಾರಾಗಲು ಯೆರೂಸಲೇಮಿಗೂ ಅಲ್ಲಿಂದ ಈಜಿಪ್ಟಿಗೂ ಹೋಗಿ, 399ರಲ್ಲಿ ತೀರಿಕೊಳ್ಳುವ ತನಕ ಅಲ್ಲಿಯೇ ನಿಂತನು. ಮನುಷ್ಯನನ್ನು ಕಾಡುವ ದುರಾಲೋಚನೆಗಳು ಎಂಟೆಂದು ಅವನ ಎಣಿಕೆ: ಹೊಟ್ಟೆಬಾಕತನ, ಕಾಮ, ಧನಾಶೆ, ವಿಷಾದ, ಕ್ರೋಧ, 'ಅಕೀಡಿಯ' ಎಂಬ ಬೇಸರ, ಕೀರ್ತಿಯಾಶೆ, ಗರ್ವ. ನಮ್ಮ ಅರಿಷಡ್ವರ್ಗದಲ್ಲಿ ಬೇಸರಕ್ಕೂ ವಿಷಾದಕ್ಕೂ ಸ್ಥಾನವಿಲ್ಲ; ಅವನ ಪಟ್ಟಿಯಲ್ಲಿ ಮಾತ್ಸರ್ಯಕ್ಕೆ ಸ್ಥಾನವಿಲ್ಲ. ಈ ಭೇದವು ಕುತೂಹಲಕರವಾದುದು.

ಎವಾಗ್ರಿಯಸನ ಬೋಧೆಯಲ್ಲಿ ಎರಡು ಅಂಶಗಳು ನಮಗೆ ಮುಖ್ಯ. ಮೊದಲನೆಯದು: ಇಂತಹ ಆಲೋಚನೆಗಳು ಬರುವುದೂ ಬಾರದಿರುವುದೂ ನಮ್ಮ ಕೈಯಲ್ಲಿಲ್ಲ, ಅವು ನಮ್ಮಲ್ಲಿ ಠಿಕಾಣಿ ಹೂಡುವುದೂ ಬಿಡುವುದೂ ನಮ್ಮ ಕೈಯಲ್ಲಿದೆ. ಬಾಗಿಲು ತಟ್ಟಿದವರೆಲ್ಲರಿಗೂ ಮಣೆ ಹಾಕಬೇಕೆಂದಿಲ್ಲವಷ್ಟೆ. ಎರಡನೆಯದು: ಈ ಎಂಟೂ ಒಂಟಿಯಾಗಿ ಬರುವುದಿಲ್ಲ, ಒಂದರ ಕೈಹಿಡಿದು ಇನ್ನೊಂದು ಬರುತ್ತದೆ. ಬೇಸರವೆಂಬ ಭೂತ ಹಿಡಿದಾಗ ಸೂರ್ಯನು ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ಗಂಟೆಗಳಿದ್ದಂತೆ ತೋರುತ್ತದೆಂದೂ, ಸಾಧಕನು ಪದೇ ಪದೇ ಕಿಟಕಿಯಿಂದ ಇಣಿಕಿ ನೋಡುತ್ತಾನೆಂದೂ ಅವನು ವರ್ಣಿಸಿದ್ದಾನೆ. ಕೀರ್ತಿಯಾಶೆ ಹಿಡಿದವನು ಜನರು ತನ್ನನ್ನು ಪೂಜಿಸುವುದನ್ನು ಕಲ್ಪಿಸಿಕೊಂಡು ಉಬ್ಬುತ್ತಾನೆ. ಮರುಕ್ಷಣವೇ ಅದೇ ಮನುಷ್ಯನನ್ನು ಕಟ್ಟಿ ಕಾಮದ ಕೈಗೆ ಒಪ್ಪಿಸಲಾಗುತ್ತದೆ. ಮೇಲೆ ಕಾಮವೆಂದು ಕಾಣುವುದರ ಕೆಳಗೆ ಹಲವು ವೇಳೆ ಬೇಸರವೋ ದುಃಖವೋ ಅಹಂಕಾರವೋ ಇರುತ್ತದೆಂಬುದು ಇದರ ತಾತ್ಪರ್ಯ.

ಈ ಮಾತಿನ ಸತ್ಯವನ್ನು ಅರಿಯಲು ಇಂದು ಮರುಭೂಮಿಗೆ ಹೋಗಬೇಕಾಗಿಲ್ಲ. ಮೊಬೈಲ್ ಫೋನೆಂಬ ಕಿಟಕಿ ನಮ್ಮ ದಿಂಬಿನ ಪಕ್ಕದಲ್ಲಿಯೇ ಇದೆ. ರಾತ್ರಿ ಹನ್ನೊಂದರ ಮೇಲೆ ಆ ಕಿಟಕಿಯನ್ನು ತೆರೆಯುವವರೆಲ್ಲರೂ ಕಾಮಾತುರರಾಗಿಯೇ ತೆರೆಯುತ್ತಾರೆಯೆ? ಓದು ರುಚಿಸದೆ, ಊರಿನ ನೆನಪು ಕಾಡಿ, ಒಂಟಿತನ ತಾಳಲಾರದೆ, ಸುಮ್ಮನೆ ಇಣಿಕಿ ನೋಡುವುದರಿಂದ ಅದು ಪ್ರಾರಂಭವಾಗುತ್ತದೆ. ಇಣಿಕಿದವನು ಎಲ್ಲಿಗೆ ಹೋಗಿ ಮುಟ್ಟುತ್ತಾನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎವಾಗ್ರಿಯಸನ ವಿಚಾರವನ್ನು ಪಶ್ಚಿಮಕ್ಕೆ ಒಯ್ದವನು ಜಾನ್ ಕ್ಯಾಸಿಯನ್. ಐದನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಮಾರ್ಸೇಲ್ಸಿನಲ್ಲಿ ಮಠಗಳನ್ನು ಸ್ಥಾಪಿಸಿದ ಇವನು ಲ್ಯಾಟಿನ್ ಭಾಷೆಯಲ್ಲಿ ಈ ಎಂಟು ದೋಷಗಳನ್ನು ಕುರಿತು ಒಂದೊಂದು ಪುಸ್ತಕ ಬರೆದನು. 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗರಿಯು ಗರ್ವವನ್ನು ಎಲ್ಲ ದೋಷಗಳ ಬೇರೆಂದು ಪ್ರತ್ಯೇಕಿಸಿ, ಮಾತ್ಸರ್ಯವನ್ನು ಸೇರಿಸಿ, ಏಳನ್ನು ಎಣಿಸಿದನು. ಯುರೋಪಿನಲ್ಲಿ ಪ್ರಸಿದ್ಧವಾದ ಸಪ್ತ ಪಾಪಗಳ ಪಟ್ಟಿಯ ಮೂಲ ಇದೇ. ನಮ್ಮಲ್ಲಿರುವ ಸಂಕೋಚ ಅಲ್ಲಿಯೂ ಇತ್ತೆಂಬುದಕ್ಕೆ ಒಂದು ಸ್ವಾರಸ್ಯವಾದ ಸಾಕ್ಷಿಯಿದೆ. 1894ರಲ್ಲಿ ಕ್ಯಾಸಿಯನ್ನನ ಗ್ರಂಥಗಳು ಇಂಗ್ಲಿಷಿನಲ್ಲಿ ಬಂದಾಗ ಕಾಮವನ್ನು ಕುರಿತ ಆರನೆಯ ಪುಸ್ತಕವನ್ನು ಅನುವಾದಿಸದೆ ಬಿಟ್ಟರು!

೪. ಆಗಸ್ಟೀನನ ಸರಪಳಿ

ಈ ವಿಷಯದಲ್ಲಿ ಅತ್ಯಂತ ಪ್ರಭಾವಶಾಲಿಯಾದ ಲೇಖಕ ಸಂತ ಆಗಸ್ಟೀನ್. 354ರಲ್ಲಿ ಉತ್ತರ ಆಫ್ರಿಕದ ತಗಾಸ್ಟೆಯಲ್ಲಿ, ಎಂದರೆ ಇಂದಿನ ಆಲ್ಜೀರಿಯದಲ್ಲಿ, ಹುಟ್ಟಿದವನು. ಸುಮಾರು 397ರಲ್ಲಿ ಬರೆಯಲು ತೊಡಗಿದ 'ಕನ್ಫೆಷನ್ಸ್' ಎಂಬ ಗ್ರಂಥದಲ್ಲಿ ತನ್ನ ಯೌವನವನ್ನು ದೇವರ ಮುಂದೆ ತೆರೆದಿಟ್ಟಿದ್ದಾನೆ. ಹದಿನಾರನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕೆ ಹಣ ಸಾಲದೆ ಒಂದು ವರ್ಷ ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದಾಗ ಕಾಮದ ಮುಳ್ಳುಗಳು ತಲೆಯೆತ್ತರ ಬೆಳೆದುವೆಂದು ಅವನು ಹೇಳುತ್ತಾನೆ. ವಿಚಿತ್ರವೆಂದರೆ, ಆ ವರ್ಷದ ಪ್ರಕರಣಗಳಲ್ಲಿ ಅವನು ದೀರ್ಘವಾಗಿ ವಿಮರ್ಶಿಸುವುದು ಕಾಮವನ್ನಲ್ಲ, ಒಂದು ಸಣ್ಣ ಕಳ್ಳತನವನ್ನು. ಗೆಳೆಯರೊಡನೆ ನೆರೆಯ ತೋಟದ ಪೇರು ಹಣ್ಣುಗಳನ್ನು ಕದ್ದು ಹಂದಿಗಳಿಗೆ ಎಸೆದನು. ಹಸಿವಿರಲಿಲ್ಲ, ಹಣ್ಣು ರುಚಿಯಾಗಿಯೂ ಇರಲಿಲ್ಲ. ಒಬ್ಬನೇ ಇದ್ದಿದ್ದರೆ ಖಂಡಿತವಾಗಿಯೂ ಮಾಡುತ್ತಿರಲಿಲ್ಲವೆಂದು ಅವನೇ ಹೇಳುತ್ತಾನೆ. ನಿಷೇಧವನ್ನು ಮೀರುವ ಸುಖ, ಗೆಳೆಯರ ಮುಂದೆ ಹಿಂಜರಿಯಲು ನಾಚಿಕೆ, ಇವೇ ಕಾರಣಗಳು. ಕಾಮದಲ್ಲಿ ಕೆಲಸ ಮಾಡುವ ಶಕ್ತಿಗಳೂ ಇವೇ ಎಂದು ವಾಚಕನಿಗೆ ತಾನಾಗಿ ಹೊಳೆಯುತ್ತದೆ.

ಎಂಟನೆಯ ಪುಸ್ತಕದಲ್ಲಿ ಅವನು ಒಂದು ಸರಪಳಿಯನ್ನು ತೋರಿಸುತ್ತಾನೆ. ವಕ್ರವಾದ ಸಂಕಲ್ಪದಿಂದ ಕಾಮ ಹುಟ್ಟುತ್ತದೆ. ಕಾಮಕ್ಕೆ ಊಳಿಗ ಮಾಡಿದರೆ ಅಭ್ಯಾಸವಾಗುತ್ತದೆ. ಅಭ್ಯಾಸವನ್ನು ತಡೆಯದಿದ್ದರೆ ಅದು ಅನಿವಾರ್ಯತೆಯಾಗುತ್ತದೆ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿಯೂ ಇಂತಹುದೇ ಒಂದು ಸರಪಳಿ ಇರುವುದನ್ನು ನಾವು ಬಲ್ಲೆವು: ವಿಷಯಧ್ಯಾನದಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ, ಅಲ್ಲಿಂದ ಮುಂದೆ ಸಮ್ಮೋಹ, ಸ್ಮೃತಿಭ್ರಂಶ, ಬುದ್ಧಿನಾಶ. ಎರಡೂ ಸರಪಳಿಗಳ ಮೊದಲ ಕೊಂಡಿ ಮನಸ್ಸಿನಲ್ಲಿಯೇ ಇದೆ. ಗೀತೆ ಅದನ್ನು ಧ್ಯಾನವೆಂದು ಕರೆದರೆ ಆಗಸ್ಟೀನನು ಸಂಕಲ್ಪವೆಂದು ಕರೆದನು. ಗೀತೆಯ ಸರಪಳಿ ಬುದ್ಧಿಯ ನಾಶದಲ್ಲಿ ಮುಗಿದರೆ, ಆಗಸ್ಟೀನನದು ಸ್ವಾತಂತ್ರ್ಯದ ನಾಶದಲ್ಲಿ ಮುಗಿಯುತ್ತದೆ.

386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅವನ ಮನಸ್ಸು ತಿರುಗಿತು; 387ರ ಈಸ್ಟರ್ ಹಬ್ಬದಲ್ಲಿ ಆಂಬ್ರೋಸ್ ಬಿಷಪ್ಪನಿಂದ ದೀಕ್ಷಾಸ್ನಾನ ಪಡೆದನು. ಆದರೆ ಇಷ್ಟಕ್ಕೆ ಎಲ್ಲವೂ ಮುಗಿಯಿತೆಂದು ಅವನು ಹೇಳುವುದಿಲ್ಲ. ಹತ್ತನೆಯ ಪುಸ್ತಕದಲ್ಲಿ, ಆಗ ತಾನೇ ಬಿಷಪ್ಪನಾಗಿದ್ದರೂ, ಹಳೆಯ ಅಭ್ಯಾಸದ ಚಿತ್ರಗಳು ಇಂದಿಗೂ ಸ್ವಪ್ನದಲ್ಲಿ ಬರುತ್ತವೆಂದು ಒಪ್ಪಿಕೊಳ್ಳುತ್ತಾನೆ. ಈ ಪ್ರಾಮಾಣಿಕತೆ ನನಗೆ ಆ ತೋಟದ ಪ್ರಸಂಗಕ್ಕಿಂತಲೂ ದೊಡ್ಡದಾಗಿ ಕಂಡಿತು.

೫. ದೇಹವು ದೋಷಿಯೆ?

ಇಲ್ಲಿ ಒಂದು ಆಕ್ಷೇಪ ಬರಬಹುದು. ಕ್ರೈಸ್ತ ಸಂನ್ಯಾಸಿಗಳು ದೇಹವನ್ನೇ ಪಾಪವೆಂದು ತಿಳಿದವರಲ್ಲವೆ ಎಂದು ಕೇಳಬಹುದು. ಹಾಗೆ ತಿಳಿದವರು ಇದ್ದರು. ಅವರು ಮಾನಿ ಎಂಬವನ ಅನುಯಾಯಿಗಳು. ಆಗಸ್ಟೀನನು ಸುಮಾರು ಒಂಬತ್ತು ವರ್ಷ ಅವರ ಮತದಲ್ಲಿದ್ದು, ಬಿಟ್ಟು ಬಂದವನು. 'ದೇವನಗರ' ಎಂಬ ಅವನ ಬೃಹದ್‌ಗ್ರಂಥದ ಹದಿನಾಲ್ಕನೆಯ ಪುಸ್ತಕದಲ್ಲಿ ಇದಕ್ಕೆ ನೇರವಾದ ಉತ್ತರವಿದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಶರೀರಭಾವದ ಕರ್ಮಗಳೆಂದು ಹೆಸರಿಸಿದವುಗಳಲ್ಲಿ ಜಾರತ್ವದ ಜೊತೆಗೆ ಹಗೆತನ, ಹೊಟ್ಟೆಕಿಚ್ಚು, ಸಿಟ್ಟು, ಒಡಕು ಇವೂ ಸೇರಿವೆ. ಹಗೆತನಕ್ಕೂ ಹೊಟ್ಟೆಕಿಚ್ಚಿಗೂ ಮಾಂಸವೇನು ಬೇಕು? ಸೈತಾನನಿಗೆ ದೇಹವೇ ಇಲ್ಲ. ಆದರೂ ಗರ್ವದಲ್ಲಿಯೂ ಅಸೂಯೆಯಲ್ಲಿಯೂ ಅವನೇ ಮೊದಲಿಗನು. ಆದ್ದರಿಂದ ಆತ್ಮವನ್ನು ದೇಹವು ಕೆಡಿಸಲಿಲ್ಲ, ಆತ್ಮವೇ ಮೊದಲು ಕೆಟ್ಟಿತು ಎಂದು ಅವನು ವಾದಿಸುತ್ತಾನೆ. ಮನಸ್ಸು ದೇವರಿಗೆ ಅವಿಧೇಯವಾದುದರ ಫಲವಾಗಿ ದೇಹವು ಮನಸ್ಸಿಗೆ ಅವಿಧೇಯವಾಯಿತೆಂದು ಅವನ ಮತ.

ಮುಂದೆ ಆಗಸ್ಟೀನನು ಕಾಮವನ್ನು ಆದಿಪಾಪದ ವಿಚಾರದೊಡನೆ ಬಿಗಿಯಾಗಿ ಹೆಣೆದನು. ಅವನ ಕಾಲದಲ್ಲಿಯೇ ಎಕ್ಲಾನಮಿನ ಜೂಲಿಯನ್ ಅದನ್ನು ಖಂಡಿಸಿದನು. ಪೂರ್ವದೇಶದ ಸಭೆಗಳು ಅದನ್ನು ಹಾಗೆಯೇ ಅಂಗೀಕರಿಸಲಿಲ್ಲ. ಆ ವಾದದ ವಿವರ ಇಲ್ಲಿ ಅನಾವಶ್ಯಕ.

ಆದರೆ ಇನ್ನೊಂದು ಆಕ್ಷೇಪವನ್ನು ತಪ್ಪಿಸಿ ಹೋಗುವುದು ನ್ಯಾಯವಲ್ಲ. ಹೃದಯದಲ್ಲಿ ಬೇರನ್ನು ಹುಡುಕಿದ ಇದೇ ಪರಂಪರೆಯಲ್ಲಿ, ಹವ್ವಳ ಹೆಸರು ಹೇಳಿ ಸ್ತ್ರೀಕುಲದ ಮೇಲೆಯೇ ತಪ್ಪನ್ನು ಹೊರಿಸಿದವರೂ ಇದ್ದರು. ಕಾರ್ಥೇಜಿನ ಟೆರ್ಟುಲಿಯನ್ ಇದಕ್ಕೆ ಕುಪ್ರಸಿದ್ಧ ಉದಾಹರಣೆ. ಆಗಸ್ಟೀನನ ಜೀವನದಲ್ಲಿಯೇ ಒಂದು ನೋವಿನ ಪ್ರಕರಣವಿದೆ. ಹನ್ನೆರಡು ವರ್ಷಗಳಿಗೂ ಮೇಲ್ಪಟ್ಟು ಅವನೊಡನೆ ಬಾಳಿ, ಅದೇವೊದಾತ ಎಂಬ ಮಗನನ್ನು ಹೆತ್ತ ಹೆಂಗಸನ್ನು, ಅನುಕೂಲವಾದ ಸಂಬಂಧವೊಂದು ಕುದುರಿತೆಂಬ ಕಾರಣದಿಂದ ಆಫ್ರಿಕಕ್ಕೆ ಹಿಂದೆ ಕಳುಹಿಸಲಾಯಿತು. ಇನ್ನಾರನ್ನೂ ಸೇರುವುದಿಲ್ಲವೆಂದು ಪ್ರತಿಜ್ಞೆಮಾಡಿ, ಮಗನನ್ನು ಬಿಟ್ಟು ಅವಳು ಹೊರಟುಹೋದಳು. ಆಗಸ್ಟೀನನಾದರೋ, ನಿಶ್ಚಯವಾದ ಹುಡುಗಿ ಇನ್ನೂ ಚಿಕ್ಕವಳಾದ್ದರಿಂದ ಕಾಯಲಾರದೆ, ಮತ್ತೊಬ್ಬಳನ್ನು ಇಟ್ಟುಕೊಂಡನು. ಇದನ್ನೆಲ್ಲ ಬರೆದ ಅವನು ಆ ಮೊದಲನೆಯವಳ ಹೆಸರನ್ನು ಬರೆಯಲಿಲ್ಲ. ಹದಿನಾರು ಶತಮಾನಗಳ ವಾಚಕರಲ್ಲಿ ಯಾರಿಗೂ ಅವಳ ಹೆಸರು ಗೊತ್ತಿಲ್ಲ. ಈ ಕಥೆಯಲ್ಲಿ ನಿಷ್ಠೆಯಿಂದ ನಡೆದವರು ಯಾರು ಎಂದು ನನ್ನನ್ನು ಕೇಳಿದರೆ ನಾನು ಅವಳನ್ನೇ ಹೆಸರಿಸುತ್ತೇನೆ, ಹೆಸರೊಂದೇ ಇಲ್ಲ.

ಮರುಭೂಮಿಯ ಸಂಪ್ರದಾಯದಲ್ಲಿ ಸಾರಾ ಎಂಬ ಸಾಧ್ವಿಯ ಕಥೆಯೂ ಉಂಟು. ಹದಿಮೂರು ವರ್ಷಗಳ ಕಾಲ ಆಕೆ ಕಾಮದ ಶೋಧನೆಯೊಡನೆ ಹೋರಾಡಿದಳು. ಹೋರಾಟ ನಿಲ್ಲಲಿ ಎಂದು ಒಂದು ದಿನವೂ ಬೇಡದೆ ಬಲವನ್ನು ಮಾತ್ರ ಬೇಡಿದಳು. ಸ್ತ್ರೀಯೇ ಪ್ರಲೋಭನೆ, ಪುರುಷನೇ ಸಾಧಕ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಯೇಸುವಿನ ಮಾತಿನಂತೆ ಹೊಣೆ ಹೃದಯದ್ದಾದರೆ, ಹುಡುಗಿಯರ ಉಡುಪನ್ನೂ ನಗೆಯನ್ನೂ ದೂರುವವರಿಗೆ ಈ ಪರಂಪರೆಯಲ್ಲಿ ಆಶ್ರಯ ದೊರೆಯಲಾರದು.

೬. ಅಪೊಲ್ಲೋಸನ ಪ್ರಾರ್ಥನೆ

ರೋಗದ ಮೂಲ ತಿಳಿದಮೇಲೆ ಔಷಧದ ಮಾತು. ಎವಾಗ್ರಿಯಸನು ಹೇಳಿದ ಔಷಧಗಳು ಸರಳವಾದುವು. ಅಲೆಯುವ ಮನಸ್ಸಿಗೆ ಓದು, ಜಾಗರಣೆ, ಪ್ರಾರ್ಥನೆ. ಉರಿಯುವ ಆಶೆಗೆ ಮಿತಾಹಾರ, ದುಡಿಮೆ, ಏಕಾಂತ. ಸಿಟ್ಟಿಗೆ ಕೀರ್ತನೆ, ತಾಳ್ಮೆ, ದಯೆ. ಆದರೆ ಇವೆಲ್ಲಕ್ಕಿಂತ ಮೊದಲು ಬೇಕಾದುದು ಒಳಗಿರುವುದನ್ನು ನಂಬಿಕಸ್ಥನಾದ ಹಿರಿಯನೊಬ್ಬನ ಮುಂದೆ ಹೇಳಿಕೊಳ್ಳುವುದು. ಈ ವಿಷಯದಲ್ಲಿ ಕ್ಯಾಸಿಯನ್ ಹೇಳುವ ಕಥೆಯೊಂದನ್ನು ವಿದ್ಯಾರ್ಥಿಗಳೂ ಅಧ್ಯಾಪಕರೂ ಕೇಳತಕ್ಕದ್ದು.

ತರುಣ ಸಾಧಕನೊಬ್ಬನು ಕಾಮದ ಆಲೋಚನೆಗಳಿಂದ ನೊಂದು ಒಬ್ಬ ಮುದುಕನ ಬಳಿಗೆ ಹೋಗಿ ಎಲ್ಲವನ್ನೂ ಹೇಳಿಕೊಂಡನು. ಮುದುಕನು ಸಮಾಧಾನ ಹೇಳುವ ಬದಲು, ನೀನು ಸಂನ್ಯಾಸಿಯೆಂಬ ಹೆಸರಿಗೇ ಅಯೋಗ್ಯನೆಂದು ಕಟುವಾಗಿ ಬೈದು ಕಳುಹಿಸಿದನು. ತರುಣನು ಹತಾಶನಾಗಿ, ಇನ್ನು ತನಗೆ ಗತಿಯಿಲ್ಲವೆಂದು ಬಗೆದು ಊರಿನ ದಾರಿ ಹಿಡಿದನು. ದಾರಿಯಲ್ಲಿ ಸಿಕ್ಕಿದ ಅಪೊಲ್ಲೋಸ್ ಎಂಬ ಹಿರಿಯನು ಅವನ ಬಾಡಿದ ಮುಖವನ್ನು ಕಂಡು, ಒತ್ತಾಯದಿಂದ ವಿಷಯವನ್ನು ತಿಳಿದುಕೊಂಡು, ಈ ವಯಸ್ಸಿನಲ್ಲಿಯೂ ತನ್ನನ್ನು ಅಂತಹ ಆಲೋಚನೆಗಳು ಕಾಡುತ್ತವೆಂದು ಹೇಳಿ, ಒಂದೇ ಒಂದು ದಿನದ ಮಟ್ಟಿಗೆ ಹಿಂದಿರುಗೆಂದು ಬೇಡಿಕೊಂಡನು. ಅನಂತರ ಆ ಮುದುಕನ ಗುಡಿಸಲ ಬಳಿಗೆ ಹೋಗಿ, ತರುಣನ ಶೋಧನೆಯು ಈ ಮುದುಕನಿಗೆ ಬರಲೆಂದು ಕಣ್ಣೀರಿಟ್ಟು ಪ್ರಾರ್ಥಿಸಿದನು. ಸ್ವಲ್ಪ ಹೊತ್ತಿಗೆ ಮುದುಕನು ಅಮಲೇರಿದವನಂತೆ ಒಳಕ್ಕೂ ಹೊರಕ್ಕೂ ಓಡಾಡಿ, ಕೊನೆಗೆ ತರುಣನು ಹಿಡಿದಿದ್ದ ದಾರಿಯನ್ನೇ ಹಿಡಿದನು. ಅಪೊಲ್ಲೋಸನು ಅವನನ್ನು ತಡೆದು, ಇದುವರೆಗೆ ನಿನ್ನನ್ನು ಸೈತಾನನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇನ್ನಾದರೂ ನೊಂದವರಿಗೆ ಮರುಗುವುದನ್ನು ಕಲಿ ಎಂದು ಹೇಳಿ ಹಿಂದಕ್ಕೆ ಕಳುಹಿಸಿದನು.

ಈ ಕಥೆಯಲ್ಲಿ ತರುಣನ ಕಾಮಕ್ಕಿಂತ ಮುದುಕನ ಗರ್ವವು ದೊಡ್ಡ ರೋಗ. ತನ್ನಲ್ಲಿ ಆ ಬೇರೇ ಇಲ್ಲವೆಂದು ನಂಬಿದವನು ಇನ್ನೊಬ್ಬನನ್ನು ನಿರಾಶೆಗೆ ತಳ್ಳಿದನು. ತನ್ನಲ್ಲಿಯೂ ಇದೆಯೆಂದು ಒಪ್ಪಿದವನು ಕೈಹಿಡಿದು ಎತ್ತಿದನು. ಕಾಮವು ದೇಹದಲ್ಲಿ ಮಾತ್ರ ಇದ್ದಿದ್ದರೆ ವಯಸ್ಸೇ ಅದಕ್ಕೆ ಸಾಕಾದ ಮದ್ದಾಗುತ್ತಿತ್ತು. ಬೇರು ಆತ್ಮದಲ್ಲಿರುವುದರಿಂದ ವಿನಯವೂ ದಯೆಯೂ ಸತ್ಯವಾದ ಮಾತೂ ಇಲ್ಲದೆ ಬೇರೆ ಮದ್ದಿಲ್ಲವೆಂದು ಈ ಸಾಧಕರು ಕಂಡುಕೊಂಡರು.

ನಮ್ಮ ಕಾಲೇಜುಗಳಲ್ಲಿ ಎಷ್ಟೋ ಜನ ತರುಣ ತರುಣಿಯರು ತಮ್ಮ ಮನಸ್ಸಿಗೆ ತಾವೇ ಅಂಜಿ, ತಮ್ಮಂತಹ ಪಾಪಿಗಳು ಬೇರೆ ಯಾರೂ ಇಲ್ಲವೆಂದು ಬಗೆದು ಒಳಗೇ ಕೊರಗುತ್ತಿರಬಹುದು. ಅವರಿಗೆ ಬೇಕಾದುದು ನಗೆಯೂ ಅಲ್ಲ, ಬೈಗುಳವೂ ಅಲ್ಲ. ಅಪೊಲ್ಲೋಸನಂತೆ ದಾರಿಯಲ್ಲಿ ನಿಂತು ಕೇಳಿ, ಒಂದು ದಿನದ ಮಟ್ಟಿಗೆ ಹಿಂದಿರುಗಿ ಬಾ ಎನ್ನುವ ಹಿರಿಯರು ಪ್ರತಿಯೊಂದು ಹಾಸ್ಟೆಲಿನಲ್ಲಿಯೂ ಪ್ರತಿಯೊಂದು ವಿಭಾಗದಲ್ಲಿಯೂ ಒಬ್ಬೊಬ್ಬರಾದರೂ ಇರಲಿ ಎಂಬುದು ನನ್ನ ವಿನಮ್ರ ಹಾರೈಕೆ.